ಆಂಡಿ ಬೀಡಿ ಬಿಟ್ಟ ಹದಿಮೂರು ತಿಂಗಳು

ತಮಿಳುನಾಡಿನ ವೇದಸಂದೂರಿನ ಹತ್ತಿರದ ಒಂದು ನೂಲಿನ ಗಿರಣಿ ಆಂಡಿ ಎಂಬ ಕೆಲಸಗಾರನಿಗೆ ಅವನ ಎದೆಯ ಪರಿಹಾರವನ್ನು ಇನ್ನೂ ಕೊಟ್ಟಿಲ್ಲ. ಇಪ್ಪತ್ತಮೂರು ವರ್ಷ ಹತ್ತಿಯ ದೂಳು ಕುಡಿದ ಎದೆ ಅದು. ಪರಿಹಾರ ಬರುತ್ತದೋ ಇಲ್ಲವೋ ಎಂಬುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಆ ಎದೆಯನ್ನು ಕೆಡಿಸಿದ್ದು ಹತ್ತಿಯೋ, ಬೀಡಿಯೋ? ಗಿರಣಿ ಬೀಡಿ ಎನ್ನುತ್ತದೆ. ಕಾರ್ಮಿಕ ಸಂಘದವರಾದ ನಾವು ಹತ್ತಿ ಎನ್ನುತ್ತೇವೆ. ನಡುವೆ ಸಿಕ್ಕಿಕೊಂಡವನು ಆಂಡಿ. ಅವನನ್ನು ಅಲ್ಲಿ ಸಿಕ್ಕಿಸಿದವರಲ್ಲಿ ನಾನೂ ಒಬ್ಬ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಂಡಿ ಹುಟ್ಟಿದ್ದು ಚಿನ್ನಮನೂರಿನ ಪಕ್ಕದ ಮಾರ್ಕಯನ್‌ಕೋಟ್ಟೈಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಗದ್ದೆ ಮೂವರು ಅಣ್ಣತಮ್ಮಂದಿರಿಗೆ ಹಂಚಿಹೋದ ಮೇಲೆ ಒಬ್ಬ ಉತ್ತು ತಿನ್ನುವಷ್ಟೇ ಉಳಿಯಿತು. ದೊಡ್ಡವನು ಉತ್ತ. ಕೊನೆಯವನಾದ ಆಂಡಿ ಇಪ್ಪತ್ತೆಂಟನೆಯ ವಯಸ್ಸಿಗೆ ವೇದಸಂದೂರಿನ ಬಸ್ಸು ಹತ್ತಿದ. ಗಿರಣಿಯಲ್ಲಿ ಅವನನ್ನು ಬ್ಲೋರೂಮಿಗೆ ಹಾಕಿದರು. ಹತ್ತಿಯ ಬೇಲು ಒಡೆದು, ಕೆದರಿ, ಮಣ್ಣು ಸಿಪ್ಪೆ ಬೇರೆ ಮಾಡುವ ಮೊದಲ ಕೋಣೆ ಅದು. ಅಲ್ಲಿ ಹೊಕ್ಕವನು ಹೊರಗೆ ಬರುವಾಗ ಹುಬ್ಬು, ರೆಪ್ಪೆ, ಮೂಗಿನ ಕೂದಲು ಎಲ್ಲ ಬೆಳ್ಳಗಾಗಿರುತ್ತವೆ. ಶಿಫ್ಟು ಮುಗಿದಾಗ ಒಂದು ಉಂಡೆ ಬೆಲ್ಲ ಕೊಡುತ್ತಾರೆ. ಬೆಲ್ಲ ತಿಂದರೆ ದೂಳು ಗಂಟಲಿಂದ ಇಳಿದುಹೋಗುತ್ತದೆ ಎಂದು ಮೇಸ್ತ್ರಿಯ ಮಾತು. ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ಗಿರಣಿಯ ಗೇಟಿನಲ್ಲಿ ದಿನವೂ ಮೈ ತಡವುತ್ತಾರೆ. ಚಿನ್ನವಲ್ಲ, ಬೆಂಕಿಪೊಟ್ಟಣ ಹುಡುಕುತ್ತಾರೆ. ಹತ್ತಿಯ ನಡುವೆ ಒಂದು ಕಡ್ಡಿ ಗೀರಿದರೆ ಗಿರಣಿಯೇ ಹೋಗುತ್ತದೆ, ಆ ನಿಯಮದಲ್ಲಿ ತಪ್ಪಿಲ್ಲ. ಆದ್ದರಿಂದ ಬೀಡಿ ಸೇದುವವರೆಲ್ಲ ತಮ್ಮ ಕಟ್ಟನ್ನು ಗೇಟಿನೆದುರಿನ ಚಹಾ ಅಂಗಡಿಯ ಮಾಡಿನ ತಗಡಿನ ಸಂದಿಯಲ್ಲಿ ಸಿಕ್ಕಿಸಿ ಒಳಗೆ ಹೋಗುತ್ತಾರೆ. ಯಾರ ಕಟ್ಟು ಯಾವ ಸಂದಿಯದು ಎಂದು ಎಲ್ಲರಿಗೂ ಗೊತ್ತು, ಒಬ್ಬರದನ್ನು ಒಬ್ಬರು ಮುಟ್ಟುವುದಿಲ್ಲ. ಆಂಡಿಯ ಕಟ್ಟು ಇಪ್ಪತ್ತೆರಡು ವರ್ಷ ಬಲಗಡೆಯ ಮೂರನೆಯ ಸಂದಿಯಲ್ಲಿ ಇತ್ತು. ದಿನಕ್ಕೆ ಒಂದೂವರೆ ಕಟ್ಟು ಸೇದುತ್ತಿದ್ದ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಎರಡು ವರ್ಷದ ಹಿಂದೆ ಅವನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಸಂಘದ ಕಚೇರಿ ಮಹಡಿಯ ಮೇಲಿದೆ. ಬಂದವನು ಐದು ನಿಮಿಷ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಯಾವಾಗ ಜಾಸ್ತಿ?" ಎಂದೆ.

"ರಜಾ ಮುಗ್ಸಿ ಬಂದ್ ದಿನ ಅಣ್ಣಾ. ಒಂದಿನ ಮನೆಯಾಗೆ ಇದ್ದು ಸೋಮವಾರ ಒಳಗೆ ಹೋದ್ರೆ ಎದೆ ಮೇಲೆ ಯಾರೋ ಕುಂತಂಗೆ ಆಯ್ತದೆ. ಬುಧವಾರಕ್ಕೆ ಇಳ್ದುಕತಾನೆ. ಮುಂದಿನ ಸೋಮವಾರ ಮತ್ತೆ ಬಂದು ಕುಂತ್ಕತಾನೆ."

"ಬೀಡಿಯಿಂದ ಅಂತಾರೆ ಗಿರಣಿಯವ್ರು."

"ಬೀಡಿನ ನಾನು ಭಾನುವಾರನೂ ಸೇದ್ತೀನಿ. ಬೀಡಿಗೆ ಸೋಮವಾರ ಯಾವ್ದು ಅಂತ ಗೊತ್ತಾ?"

ಇದಕ್ಕಿಂತ ಒಳ್ಳೆಯ ವಾದವನ್ನು ನಮ್ಮ ವಕೀಲರೂ ಮುಂದೆ ಮಾಡಲಿಲ್ಲ. ಹತ್ತಿಯ ದೂಳಿನ ಕಾಯಿಲೆಗೆ ಕಾನೂನಿನಲ್ಲಿ ಜಾಗವಿದೆ, ಪರಿಹಾರವೂ ಇದೆ. ಅರ್ಜಿ ಹಾಕಿದೆವು. ಗಿರಣಿಯಿಂದ ಎರಡು ಸಾಲಿನ ಉತ್ತರ ಬಂತು: ಕೆಲಸಗಾರ ಧೂಮಪಾನಿ, ಕಾಯಿಲೆ ಅವನು ತಂದುಕೊಂಡದ್ದು. ಆಗ ನಾನು ಆಂಡಿಗೆ ಹೇಳಿದೆ, "ಒಂದು ವರ್ಷ ಬೀಡಿ ಮುಟ್ಟಬೇಡ. ಆಮೇಲೆ ಊದುವ ಪರೀಕ್ಷೆ ಮಾಡಿಸೋಣ. ಬೀಡಿ ಇಲ್ಲದೆಯೂ ಉಸಿರು ಇಳಿದಿದ್ದರೆ ತಪ್ಪು ಯಾರದು ಅಂತ ಅವರೇ ಹೇಳಲಿ." ಹೇಳುವುದು ನನಗೆ ಸುಲಭ. ನಾನು ಯಾವತ್ತೂ ಬೀಡಿ ಸೇದಿದವನಲ್ಲ.

ಮೊದಲು ಅವನು ಸುಮ್ಮನೆ ಬಿಟ್ಟು ನೋಡಿದ. ಮೂರು ದಿನ. ಆಮೇಲೆ ಔಷಧಿ ಅಂಗಡಿಯಲ್ಲಿ ನಿಕೋಟಿನ್ ಗಮ್ಮು ಬಿಡಿಯಾಗಿ ಕೊಂಡು ಅಗಿದ. ನಾಲ್ಕು ದಿನ. "ದವಡೆಗೆ ಕೆಲ್ಸ ಸಿಕ್ತು ಅಣ್ಣಾ, ಕೈಗೆ ಸಿಗ್ಲಿಲ್ಲ," ಎಂದ. ಐದನೆಯ ದಿನ ಮಾಡಿನ ಸಂದಿಗೆ ಕೈ ಹೋಯಿತು. ಆ ವಾರದ ರಜೆಗೆ ಊರಿಗೆ ಹೋದವನು ಚಿನ್ನಮನೂರಿನಲ್ಲಿ ಜೀವಾನ ಅಂಗಡಿಯಲ್ಲಿ ಕೂತ. ಆ ದಿನ ನಾನೂ ಜೊತೆಗಿದ್ದೆ.

ಜೀವಾ ಆಂಡಿಯ ಅಕ್ಕ ಪೊನ್ನುತಾಯಿಯ ಮಗ. ಬೋರ್ಡಿನಲ್ಲಿ ಮೊಬೈಲ್ ರಿಪೇರಿ ಎಂದಿದೆ. ಹೊಟ್ಟೆ ತುಂಬಿಸುವುದು ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪುಗಳ ರಿಪೇರಿ. ಬೆನ್ನಿಗೆ ಹಾಕಿಕೊಳ್ಳುವ ಆ ಡಬ್ಬಿಗಳು ಬಾಗಿಲವರೆಗೆ ಸಾಲಾಗಿ ಬಿದ್ದಿರುತ್ತವೆ. ಅವುಗಳ ಹಿಂದೆ, ಒಂದು ಹಳೆಯ ಬಿಸ್ಕತ್ತಿನ ತಗಡಿನಲ್ಲಿ, ಗಡಿಯಾಚೆಯಿಂದ ಯಾರೋ ತಂದುಕೊಟ್ಟ ನಾಲ್ಕೈದು ಇ-ಸಿಗರೇಟುಗಳನ್ನು ಅವನು ಇಟ್ಟಿದ್ದ. ಕಾನೂನು ನನಗೆ ಗೊತ್ತಿತ್ತು. 2019ರಿಂದ ಈ ದೇಶದಲ್ಲಿ ಇವನ್ನು ಮಾಡುವುದು, ತರಿಸುವುದು, ಮಾರುವುದು, ಮಾರಾಟಕ್ಕೆ ಇಡುವುದು ಎಲ್ಲ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಲಕ್ಷದವರೆಗೆ ದಂಡ. ಜೀವಾನ ಅಂಗಡಿಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ ಮಾತ್ರ ಬೆಳಗಿನಿಂದ ತೂಗಾಡುತ್ತಿತ್ತು.

ಜೀವಾ ಮೂರನ್ನು ತೆಗೆದು ಮಾವನ ಮುಂದಿಟ್ಟ.

"ಮಾಮಾ, ಇದು ಪೆನ್ನು. ಸಣ್ಣ ಬ್ಯಾಟರಿ, ಒಳಗೇ ಅಂಟ್ಸವ್ರೆ. ಫೋನ್ ಚಾರ್ಜರ್‌ಗೆ ಹಾಕ್ಬೋದು."

"ಎಷ್ಟೊತ್ತು ಬತ್ತದೆ?"

"ನೀನು ಎಳೆಯೋ ಎಳೆತಕ್ಕೆ ಮಧ್ಯಾಹ್ನದ ಗಂಟ."

"ನನ್ ಶಿಫ್ಟು ಹನ್ನೆರಡು ಗಂಟೆ ಮಾಪ್ಳೆ," ಎಂದ ಆಂಡಿ ಸೋದರಳಿಯನಿಗೆ.

"ಹಂಗಾದ್ರೆ ಗಿರಣಿಗೆ ಹೇಳು, ಶಿಫ್ಟ್ ಕಮ್ಮಿ ಮಾಡಾಕೆ. ಬ್ಯಾಟರಿ ದೊಡ್ಡದು ಮಾಡಾಕೆ ನನ್ ಕೈಲಿ ಆಗಲ್ಲ."

ಊಟದ ಡಬ್ಬಿ ಹಿಡಿದು ಬಂದ ಪೊನ್ನುತಾಯಿ ಬಾಗಿಲಲ್ಲೇ ನಿಂತು ತಮ್ಮನನ್ನು ನೋಡಿದಳು. ಪೆನ್ನು ಅವನ ತುಟಿಯಲ್ಲಿತ್ತು.

"ಐವತ್ತು ದಾಟಿದ್ ಮ್ಯಾಲೆ ಹಾಲಿನ ಬಾಟ್ಲಿ ಕಚ್ಚವ್ನೆ ನನ್ ತಮ್ಮ. ತೊಟ್ಲು ಅಟ್ಟದ ಮ್ಯಾಲೈತೆ, ಇಳಿಸ್ಲಾ?"

"ಇಳ್ಸು ಅಕ್ಕಾ. ನಿದ್ದೆನಾದ್ರೂ ಬರ್ಲಿ," ಎಂದ ಆಂಡಿ.

ಅವನು ಪೆನ್ನನ್ನೇ ತೆಗೆದುಕೊಂಡ, ಅಗ್ಗವಾದ್ದರಿಂದ. ಮೂರು ವಾರ ಪೆನ್ನೂ ಬೀಡಿಯೂ ಜೊತೆಯಲ್ಲೇ ನಡೆದವು. ಪೆನ್ನಿನೊಳಗೆ ಕಾದು ಆವಿಯಾಗುವ ನಿಕೋಟಿನ್ ರಸ ಸೋರಿ ಅಂಗಿಯ ಜೇಬು ಅಂಟಂಟಾಯಿತು. ಬ್ಯಾಟರಿ ಸತ್ತ ಗಳಿಗೆಯಲ್ಲಿ ಕೈ ಬೀಡಿಗೆ ಹೋಗುತ್ತಿತ್ತು. ಸೇದುವವನ ಆಸೆ ಮುಗಿಯುವ ಮೊದಲೇ ಸಾಯುವ ಬ್ಯಾಟರಿಯಿಂದ ಯಾರೂ ಬೀಡಿ ಬಿಡಲಾರರು. ಇದನ್ನು ಆಂಡಿಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದಾನೆ, ಕನ್ನಡದ ಮಾತನ್ನು ತಮಿಳು ಲಿಪಿಯಲ್ಲಿ.

ಎರಡನೆಯದು ಎಸೆಯುವ ಜಾತಿ. ಬೆರಳುದ್ದ, ಮಾವಿನಹಣ್ಣಿನ ವಾಸನೆ. ಚಾರ್ಜು ಮಾಡುವ ತೂತೇ ಇಲ್ಲ, ರಸವೋ ಬ್ಯಾಟರಿಯೋ ಯಾವುದು ಮೊದಲು ಮುಗಿದರೂ ಇಡೀ ಸಾಮಾನು ಕಸಕ್ಕೆ. ಇದು ಗಂಟಲನ್ನು ಕೆರೆಯಲಿಲ್ಲ. ಸಂಕ್ರಾಂತಿ ಮುಗಿದ ವಾರ ಆಂಡಿ ಕೊನೆಯ ಬೀಡಿ ಸೇದಿದ, ಆ ದಿನದಿಂದ ಈವರೆಗೆ ಒಂದನ್ನೂ ಹೊತ್ತಿಸಿಲ್ಲ. ಆದರೆ ಅದರೊಳಗಿನ ನಿಕೋಟಿನ್ ಬಹಳ ಗಟ್ಟಿ. ಗಂಟಲು ಕೆರೆಯದ ಕಾರಣ ಎಷ್ಟು ಎಳೆದೆ ಎಂದು ತಿಳಿಯುವುದಿಲ್ಲ. ಬೀಡಿಯಾದರೆ ಮುಗಿಯುತ್ತದೆ, ಬೆರಳು ಸುಡುತ್ತದೆ, ಎಸೆಯುತ್ತೀಯ. ಇದಕ್ಕೆ ಕೊನೆಯೇ ಇಲ್ಲ. ಎರಡು ತಿಂಗಳಲ್ಲಿ ಅವನು ಬೀಡಿಯ ಕಾಲಕ್ಕಿಂತ ಹೆಚ್ಚು ನಿಕೋಟಿನ್‌ಗೆ ಕಟ್ಟುಬಿದ್ದಿದ್ದ. ಶಿಫ್ಟಿನ ನಡುವೆ ಬಿಡುವು ಯಾವಾಗ ಎಂದು ಗಡಿಯಾರ ನೋಡುತ್ತಿದ್ದ. ಆದರೆ ಸಾಮಾನನ್ನು ಗಿರಣಿಯೊಳಗೆ ಒಮ್ಮೆಯೂ ಒಯ್ಯಲಿಲ್ಲ. ಒಯ್ದಿದ್ದರೆ ಗೇಟಿನವರು ಟಾರ್ಚು ಎಂದುಕೊಂಡು ಬಿಟ್ಟುಬಿಡುತ್ತಿದ್ದರು. ಆದರೂ ಬ್ಯಾಟರಿ ಎಂದರೆ ಒಳಗೆ ಕೂತ ಬೆಂಕಿ ಎಂದು ಅವನಿಗೆ ಗೊತ್ತಿತ್ತು. ಬೀಡಿಕಟ್ಟು ಇರುತ್ತಿದ್ದ ಅದೇ ಮೂರನೆಯ ಸಂದಿಯಲ್ಲಿ ಸಿಕ್ಕಿಸಿ ಹೋಗುತ್ತಿದ್ದ.

ಮೂರನೆಯದು ಡಬ್ಬಿ. ಅಂಗೈ ತುಂಬುವ ಕಬ್ಬಿಣದ ಪೆಟ್ಟಿಗೆ, ಒಳಗೆ ಬಿಚ್ಚಿ ಹಾಕುವ ಒಂದು ದಪ್ಪ ಸೆಲ್ಲು. ರಸವನ್ನು ನಾವೇ ತುಂಬಬೇಕು. ಹನ್ನೆರಡು ಮಿಲಿಗ್ರಾಂ, ಆರು, ಮೂರು ಎಂದು ನಿಕೋಟಿನ್ ಇಳಿಸುತ್ತ ಹೋಗಬಹುದು. ಬಿಡುವವನಿಗೆ ಬೇಕಾದ ಮೆಟ್ಟಿಲು ಇದ್ದದ್ದು ಇದೊಂದರಲ್ಲಿ ಮಾತ್ರ. ತೊಂದರೆ ಸೆಲ್ಲಿನದು. ಜೀವಾ ಮೊದಲು ಪಂಪಿನಿಂದ ಬಿಚ್ಚಿದ ಒಂದನ್ನು ಹಾಕಿಕೊಟ್ಟ. ನೋಡಲು ಒಂದೇ ಅಳತೆ. ಪಂಪಿನ ಸೆಲ್ಲು ನಿಧಾನವಾಗಿ ಕೊಡುವಂಥದ್ದು, ಡಬ್ಬಿ ಒಂದೇ ಸಲಕ್ಕೆ ಎಳೆಯುತ್ತದೆ. ಹತ್ತು ಎಳೆತಕ್ಕೆ ಡಬ್ಬಿ ಕಾವಲಿಯಂತೆ ಕಾಯಿತು. ಆಮೇಲೆ ಹೊಸದೆಂದು ತರಿಸಿದ ಸೆಲ್ಲಿನ ಮೈಮೇಲೆ ಅದರ ಶಕ್ತಿ ಎಂದು ದೊಡ್ಡ ಅಂಕಿ ಬರೆದಿತ್ತು. ಜೀವಾ ಅದನ್ನು ಪಕ್ಕದ ಹೂವಿನಂಗಡಿಯ ತಕ್ಕಡಿಯಲ್ಲಿ ಇಟ್ಟ. ಸರಿಯಾದ ಸೆಲ್ಲು ನಲವತ್ತೈದು ಗ್ರಾಮಿನ ಆಚೀಚೆ ತೂಗಬೇಕು. ಇದು ಮೂವತ್ತೆರಡು ತೂಗಿತು.

"ಒಳಗೆ ಏನೈತೆ ಹಂಗಾದ್ರೆ?" ಎಂದ ಆಂಡಿ.

"ಗಾಳಿ, ಮಾಮಾ. ಮೈಮೇಲೆ ಮಾತ್ರ ಅಂಗಿ."

"ನಮ್ ಮೇಸ್ತ್ರಿ ತರ."

ಮೂರನೆಯ ಸಲಕ್ಕೆ ಅಸಲಿ ಸೆಲ್ಲು ಸಿಕ್ಕಿತು. ಬೀಗದಕೈ, ಚಿಲ್ಲರೆ ಇರುವ ಜೇಬಿಗೆ ಹಾಕಬೇಡ, ಸಿಪ್ಪೆ ಹರಿದರೆ ಮುಟ್ಟಬೇಡ, ಚಾರ್ಜಿಗೆ ಹಾಕಿ ಮಲಗಬೇಡ ಎಂದು ಜೀವಾ ಮಾವನಿಗೆ ಮಗುವಿಗೆ ಹೇಳುವಂತೆ ಹೇಳಿದ. ಶಿಫ್ಟಿಗೆ ಮುಂಚೆ, ನಡುವೆ, ಆಮೇಲೆ, ಮೂರು ಹೊತ್ತಿಗೂ ಆ ಸೆಲ್ಲು ಬಂತು. ಆಂಡಿ ಹನ್ನೆರಡರಿಂದ ಆರಕ್ಕೆ ಇಳಿದ, ದೀಪಾವಳಿಯ ಹೊತ್ತಿಗೆ ಮೂರಕ್ಕೆ. ಉಸಿರು ಮಾತ್ರ ಮೇಲೆ ಬರಲಿಲ್ಲ. ಸೋಮವಾರ ಬಂದು ಕೂರುತ್ತಿದ್ದವನು ಈಗ ಗುರುವಾರದವರೆಗೂ ಏಳುತ್ತಿರಲಿಲ್ಲ. ನಮಗೆ ಬೇಕಾದ ಸಾಕ್ಷಿ ಅದೇ ಆಗಿತ್ತು. ಅದನ್ನು ಸಂತೋಷದಿಂದ ನೋಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ನೋಡಿದ್ದು ನಿಜ.

ಅರ್ಜಿಯನ್ನು ತೀರ್ಮಾನಿಸುವ ವೈದ್ಯರ ಮಂಡಳಿಯ ಮುಂದೆ ಹಾಜರಾಗಲು ತಾರೀಖು ಬಂದಾಗ ಆಂಡಿಯ ಮಗಳು ಇಂದುಜಾ ಒಂದು ಮಾತು ಹೇಳಿದಳು. ದಿಂಡಿಗಲ್ಲಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ತಮಿಳಿನಲ್ಲಿ.

"ಪೆರಿಯಪ್ಪಾ, ಇದುಲಯುಂ ನಿಕೋಟಿನ್ ಇರುಕ್ಕು," ಎಂದು ನನಗೆ ರಸದ ಬಾಟಲಿ ತೋರಿಸಿದಳು. ಇದರಲ್ಲೂ ನಿಕೋಟಿನ್ ಇದೆಯಲ್ಲ ದೊಡ್ಡಪ್ಪಾ, ಈಗಲೇ ಇದನ್ನೂ ಬಿಡಿಸಬಾರದೇ ಎಂಬುದು ಅವಳ ಮಾತು.

ನಾನೇ ಬೇಡ ಎಂದೆ. ಮಂಡಳಿಗೆ ಇನ್ನು ಐದು ವಾರ. ಈಗ ಡಬ್ಬಿ ಬಿಡಿಸಿ, ತಡೆಯಲಾಗದೆ ಒಂದೇ ಒಂದು ಬೀಡಿ ಸೇದಿದರೆ, ಯಾರಾದರೂ ಫೋನಿನಲ್ಲಿ ಪಟ ಹಿಡಿದರೆ, ವರ್ಷದ ಕೆಲಸ ಹೋಯಿತು. "ಅವರು ಬೀಡಿ ಕೇಳ್ತಾರೆ ತಾಯಿ. ಇವನು ಕಡ್ಡಿಯನ್ನೇ ಗೀರಿಲ್ಲ. ಮಂಡಳಿ ಮುಗಿಯಲಿ, ಮಾರನೇ ದಿನ ಡಬ್ಬಿ ಬಿಡಲಿ," ಎಂದೆ. ಗಿರಣಿಯ ಗೇಟಿನಲ್ಲಿ ಬದುಕು ಕಳೆದ ನಮ್ಮಂಥವರ ತಲೆ ಅದು. ಬೆಂಕಿ ಇಲ್ಲ ಎಂದರೆ ತಂಬಾಕು ಇಲ್ಲ. ನಲವತ್ತು ವರ್ಷ ಬೆಂಕಿಪೊಟ್ಟಣ ಹುಡುಕುವುದನ್ನೇ ನೋಡಿದವನಿಗೆ ಮೂತ್ರದಲ್ಲೂ ಹುಡುಕುತ್ತಾರೆ ಎಂದು ಹೊಳೆಯಲಿಲ್ಲ.

ದಿಂಡಿಗಲ್ಲಿನ ಆ ಕೋಣೆಯಲ್ಲಿ ಮೂವರು ವೈದ್ಯರು, ಗಿರಣಿಯ ಕಡೆಯ ಒಬ್ಬ ಅಧಿಕಾರಿ, ಆಂಡಿ, ನಾನು. ಮಾತೆಲ್ಲ ತಮಿಳಿನಲ್ಲಿ ನಡೆಯಿತು. ಊದುವ ಪರೀಕ್ಷೆಯಲ್ಲಿ ಅವನ ಉಸಿರು ಇರಬೇಕಾದ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ಹಿರಿಯ ವೈದ್ಯರು ಕೆಟ್ಟವರಲ್ಲ. ಸೋಮವಾರದ ವಿಷಯವನ್ನು ತಾವಾಗಿಯೇ ಕೇಳಿ ಬರೆದುಕೊಂಡರು. ಬೀಡಿ ಬಿಟ್ಟು ಎಷ್ಟಾಯಿತು ಎಂದರು. ಹದಿಮೂರು ತಿಂಗಳು ಎಂದ ಆಂಡಿ. ಆಗ ಗಿರಣಿಯ ಅಧಿಕಾರಿ ಎದ್ದು, ಮಾತನ್ನು ನಂಬುವುದಕ್ಕಿಂತ ಮೂತ್ರ ನೋಡುವುದು ಒಳ್ಳೆಯದು, ಅದಕ್ಕೆ ನಿಕೋಟಿನ್ ಪತ್ತೆಮಾಡುವ ಸಣ್ಣ ಪಟ್ಟಿ ಬಂದಿದೆ ಎಂದ. ಈ ಪರೀಕ್ಷೆ ಬೇಕೆಂದು ಗಿರಣಿಯವರು ಮೊದಲೇ ಬರೆದುಕೊಟ್ಟಿದ್ದರಂತೆ.

ಆಂಡಿ ಧೈರ್ಯವಾಗಿಯೇ ಹೋಗಿ ಲೋಟ ತುಂಬಿಸಿ ತಂದ. ಐದು ನಿಮಿಷ. ನಿಕೋಟಿನ್ ಇಲ್ಲದಿದ್ದರೆ ಪಟ್ಟಿಯಲ್ಲಿ ಎರಡು ಗೆರೆ ಬರಬೇಕು, ಒಂದೇ ಬಂತು.

"ಮೈಯಲ್ಲಿ ನಿಕೋಟಿನ್ ಇದೆಯಪ್ಪ," ಎಂದರು ಹಿರಿಯರು.

"ಬೀಡಿ ಇಲ್ಲ ಐಯಾ."

"ಮತ್ತೆ? ಬೀಡಿ ಬಿಡಿಸೋ ಗಮ್ಮು, ಮೈಗೆ ಅಂಟಿಸೋ ಪ್ಲಾಸ್ಟರು ಏನಾದರೂ ತಗೊಳ್ತಾ ಇದ್ದೀರಾ? ಬಿಲ್ ಇದ್ದರೆ ತೋರಿಸಿ, ಬರೆದುಕೊಳ್ತೀನಿ."

ಅವರು ಬಾಗಿಲು ತೆರೆದು ಹಿಡಿದಿದ್ದರು. ದಾಟಲು ನಮ್ಮ ಬಳಿ ಕಾಗದ ಇರಲಿಲ್ಲ. ಆಂಡಿ ನನ್ನ ಕಡೆ ತಿರುಗಿ, ಆ ಕೋಣೆಯಲ್ಲಿ ಬೇರೆ ಯಾರಿಗೂ ತಿಳಿಯದ ನಮ್ಮ ಮನೆಮಾತಿನಲ್ಲಿ ಕೇಳಿದ.

"ಅಣ್ಣಾ, ಡಬ್ಬಿ ವಿಷ್ಯ ಹೇಳ್ಬುಡ್ಲಾ?"

"ಹೇಳಿದ್ರೆ ಯಾರ್ ಕೊಟ್ರು ಅಂತಾರೆ. ಗಿರಣಿಯವ್ನು ಎದುರಿಗೇ ಅವ್ನೆ, ಇವತ್ತೇ ಪೊಲೀಸ್ಗೆ ಫೋನ್ ಮಾಡ್ತಾನೆ."

"ಅಕ್ಕನ್ ಮಗನ್ ಹೆಸರು ನನ್ ಬಾಯಾಗೆ ಬರಲ್ಲ."

"ಹಂಗಾದ್ರೆ ಡಬ್ಬಿನೂ ಬರಂಗಿಲ್ಲ."

"ಎನ್ನ ಪೇಸುರೀಂಗ?" ಎಂದ ಗಿರಣಿಯ ಅಧಿಕಾರಿ. ಏನು ಮಾತಾಡುತ್ತಿದ್ದೀರಿ ಎಂದು.

"ಉಸಿರು ಕಟ್ಟುತ್ತೆ ಅಂತಿದ್ದೀನಿ ಸಾರ್," ಎಂದು ಆಂಡಿ ತಮಿಳಿನಲ್ಲಿ ಹೇಳಿ, ವೈದ್ಯರ ಕಡೆ ತಿರುಗಿ, "ಬೇರೆ ಏನೂ ಇಲ್ಲ ಐಯಾ. ಬೀಡಿಯೂ ಇಲ್ಲ," ಎಂದ.

ಮಂಡಳಿ ಬರೆದದ್ದು ಇಷ್ಟು: ಕೆಲಸಗಾರ ಈಗಲೂ ತಂಬಾಕು ಬಳಸುತ್ತಿದ್ದಾನೆ, ಉಸಿರಿನ ತೊಂದರೆಗೆ ಹತ್ತಿಯ ದೂಳೇ ಕಾರಣವೆಂದು ಹೇಳಲಾಗುವುದಿಲ್ಲ, ಆರು ತಿಂಗಳ ನಂತರ ಮತ್ತೆ ಬರಬಹುದು. ಕೆಳಗೆ ಸಹಿ ಹಾಕಿದರೆ ಮಾತ್ರ ಮತ್ತೆ ಬರಬಹುದು. ಆಂಡಿ ಸಹಿ ಹಾಕಿದ. ಸೇದದ ಬೀಡಿಯನ್ನು ಸೇದಿದೆನೆಂದು ತನ್ನ ಕೈಯಿಂದಲೇ ಬರೆದುಕೊಟ್ಟಂತಾಯಿತು.

ಸುದ್ದಿ ತಿಳಿದು ಜೀವಾ ಮಾರನೆಯ ದಿನವೇ ಮೂರು ಬಸ್ಸು ಬದಲಾಯಿಸಿ ವೇದಸಂದೂರಿಗೆ ಬಂದ. ಮಾವನ ಕೋಣೆಯ ಹೊರಗಿನ ಕಟ್ಟೆಯ ಮೇಲೆ ಕೂತು, ನೆಲ ನೋಡುತ್ತ ಹೇಳಿದ.

"ನನ್ ಹೆಸ್ರು ಹೇಳು ಮಾಮಾ. ಬಂದಿದ್ದು ಬರ್ಲಿ."

"ಹೇಳಿ? ನೀನು ಒಳಗೆ ಕುಂತ್ರೆ ನಿಮ್ಮವ್ವ ನನ್ ಬಾಗ್ಲಾಗೆ ಬಂದು ಕುಂತ್ಕತಾಳೆ. ಅದ್ಕೆ ಜೈಲೇ ವಾಸಿ ಅನ್ಸ್ತದೆ."

ಜೀವಾ ನಗಲಿಲ್ಲ. ಆಂಡಿ ಡಬ್ಬಿಯನ್ನು ತಂದು ಅವನ ಕೈಗೆ ಕೊಟ್ಟ. ಜೀವಾ ಅಲ್ಲೇ ಸೆಲ್ಲು ಬಿಚ್ಚಿ ಜೇಬಿಗೆ ಹಾಕಿಕೊಂಡು, ಖಾಲಿ ಪೆಟ್ಟಿಗೆಯನ್ನು ಕಲ್ಲಿನಿಂದ ಜಜ್ಜಿ ಚರಂಡಿಗೆ ಎಸೆದ. ತಗಡಿನಲ್ಲಿದ್ದ ಮಿಕ್ಕವನ್ನೂ ಹಾಗೇ ಮಾಡಿದೆ ಎಂದು ಆಮೇಲೆ ಹೇಳಿದ. ಅವನಿಂದ ಕೊಂಡಿದ್ದ ಇನ್ನಿಬ್ಬರು ಈಗ ಬೀಡಿಗೆ ಮರಳಿದ್ದಾರಂತೆ. ಬೀಡಿಗೆ ಯಾರ ಹೆದರಿಕೆಯೂ ಇಲ್ಲ.

ಇಂದಿಗೆ ನಲವತ್ತೊಂದು ದಿನ. ಆಂಡಿಯ ಬಾಯಿಗೆ ಬೀಡಿಯೂ ಇಲ್ಲ, ಡಬ್ಬಿಯೂ ಇಲ್ಲ. ಮೂರರಿಂದ ಸೊನ್ನೆಗೆ ಇಳಿಯುವುದು ಹನ್ನೆರಡರಿಂದ ಮೂರಕ್ಕೆ ಇಳಿದಂತೆ ಅಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದಾನೆ. ಕೆಲಸ ಬಿಟ್ಟು ಊರಿಗೆ ಹೋಗು, ಉಸಿರಾದರೂ ಉಳಿಯಲಿ ಎಂದು ಇಂದುಜಾ ಅಳುತ್ತಾಳೆ. ಬಿಟ್ಟರೆ ಸ್ವಂತ ಇಷ್ಟದಿಂದ ಹೋದ ಎಂದು ಗಿರಣಿ ಬರೆದುಕೊಳ್ಳುತ್ತದೆ, ಅಲ್ಲಿಗೆ ಅರ್ಜಿ ಇನ್ನಷ್ಟು ಸೊರಗುತ್ತದೆ. ಇದ್ದರೆ ದೂಳು. ಈಗ ಅವನನ್ನು ಬ್ಲೋರೂಮಿನಿಂದ ತೆಗೆದು ವೇಸ್ಟ್ ಕೋಣೆಗೆ ಹಾಕಿದ್ದಾರೆ, ಕಾಯಿಲೆಯವನೆಂದು ಹಗುರ ಕೆಲಸವಂತೆ. ಹತ್ತಿಯಲ್ಲಿ ಯಾವುದಕ್ಕೂ ಬೇಡವಾದ ಪುಡಿಯೆಲ್ಲ ಬಂದು ಬೀಳುವ ಕೋಣೆ ಅದು, ಕಿಟಕಿ ತೆರೆದರೆ ಹಾರುತ್ತದೆ ಎಂದು ಮುಚ್ಚಿಯೇ ಇಟ್ಟಿರುತ್ತಾರೆ. ಮೂಗಿಗೆ ಒದ್ದೆ ಟವಲು ಕಟ್ಟಿಕೊಳ್ಳುತ್ತಾನೆ. ಕಟ್ಟಿದರೆ ಉಸಿರು ಬರುವುದಿಲ್ಲ, ಬಿಚ್ಚಿದರೆ ದೂಳು ಬರುತ್ತದೆ. ಗಳಿಗೆಗೊಮ್ಮೆ ಬಿಚ್ಚಿ ಕಟ್ಟುತ್ತಾನೆ.

ಮೊನ್ನೆ ಚಹಾ ಅಂಗಡಿಯಲ್ಲಿ ಅವನ ಜೊತೆಯವನೊಬ್ಬ ಬೀಡಿ ಚಾಚಿದ.

"ಸೇದೋ. ಸೇದ್ತೀಯ ಅಂತ ಸರ್ಕಾರನೇ ಬರ್ಕೊಟ್ಟೈತೆ. ಯಾರ ಹೆದರಿಕೆ ಇನ್ನ?"

ಆಂಡಿ ಬೀಡಿಯನ್ನು ತೆಗೆದುಕೊಂಡು ಬೆರಳ ನಡುವೆ ತಿರುಗಿಸಿದ. ಮೂಸಿ ನೋಡಿದ. ಬಹಳ ಹೊತ್ತು. ಆಮೇಲೆ ವಾಪಸು ಕೊಟ್ಟ. ನಾನು ಎದುರಿನ ಬೆಂಚಿನಲ್ಲಿ ಕೂತಿದ್ದೆ, ಅವನು ನನ್ನ ಮುಖ ನೋಡಲಿಲ್ಲ. ಇನ್ನೂ ನಾಲ್ಕು ತಿಂಗಳು ಇಪ್ಪತ್ತು ದಿನ ಇದೆ. ಅಷ್ಟರಲ್ಲಿ ಎದೆ ಎಷ್ಟು ಉಳಿದಿರುತ್ತದೆ ಎಂದು ಯಾರೂ ಲೆಕ್ಕ ಕೊಡುವುದಿಲ್ಲ. ಆ ಮಂಡಳಿಯ ಕೋಣೆಯಲ್ಲಿ ಆಂಡಿಯ ಮೂತ್ರವನ್ನು ಅಳೆದರು. ಬ್ಲೋರೂಮಿನ ಗಾಳಿಯಲ್ಲಿ ದೂಳೆಷ್ಟು ಎಂದು ಗಿರಣಿ ಅಳೆದಿಡಬೇಕಾದ ಕಾಗದ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಪಟ್ಟಿಯ ಗೆರೆ ನೋಡುತ್ತ ನಿಂತಿದ್ದೆ.

ಇದನ್ನು ಓದಿದ ನೀವು ವೈದ್ಯರಾಗಿರಬಹುದು, ಗುಮಾಸ್ತರಾಗಿರಬಹುದು, ಸಂಘದವರಾಗಿರಬಹುದು, ಬರೀ ಅಕ್ಕಪಕ್ಕದವರಾಗಿರಬಹುದು. ಕೆಮ್ಮುವ ಕೂಲಿಯವನು ಮುಂದೆ ಬಂದು ನಿಂತಾಗ ಬೀಡಿ ಸೇದ್ತೀಯಾ ಎಂಬುದನ್ನು ಎರಡನೆಯದಾಗಿ ಕೇಳಿ. ಎಲ್ಲಿ ಕೆಲಸ, ಎಷ್ಟು ವರ್ಷ, ಆ ಕೋಣೆಯ ದೂಳನ್ನು ಅಳೆದ ಕಾಗದ ಎಲ್ಲಿ, ಇದನ್ನು ಮೊದಲು ಕೇಳಿ. ಕಾಗದ ಇಲ್ಲವೆಂದರೆ, ಇಲ್ಲ ಎಂದು ಬರೆದು, ತಾರೀಖು ಹಾಕಿ, ಕೆಳಗೆ ನಿಮ್ಮ ಹೆಸರಿನ ಸಹಿ ಮಾಡಿ ಅವನ ಕೈಗೆ ಕೊಡಿ.